ಕೆಳಗಿಳಿಯುವ ಲಿಫ್ಟಿನ ಲೆಕ್ಕ

ನೋಡ್ರಪ್ಪ, ಇವತ್ತು ಬೆಳಿಗ್ಗೆ ಮಂಡ್ಯದ ರೈಲಿನಲ್ಲಿ ನನ್ನೆದುರು ಬೇರೆ ಕಾಲೇಜಿನ ಇಬ್ಬರು ಪಿಯುಸಿ ಹುಡುಗಿಯರು ಕೂತು ಫಿಸಿಕ್ಸ್ ಪ್ರಿಪರೇಟರಿ ಪರೀಕ್ಷೆಗೆ ಓದುತ್ತಿದ್ದರು.

"ಲಿಫ್ಟು ಸ್ಪೀಡ್ ಆಯ್ತಾ ಕೆಳಕ್ಕೆ ಇಳೀವಾಗ ತೂಕ ಜಾಸ್ತಿ ಆಯ್ತದೆ ಕಣೇ, ಕೂಡ್ಸು," ಎಂದಳು ರಮ್ಯಾ.

"ಕಳೀಬೇಕಲ್ವೇನೇ?" ಎನ್ನುತ್ತಲೇ ಸಿಂಚನಾ ತನ್ನ ಸರಿಯಾದ ಉತ್ತರವನ್ನು ಹೊಡೆದುಹಾಕಿದಳು.

ಇಡೀ ಜಿಲ್ಲೆಯ ಕಾಲೇಜುಗಳಿಗೆ ಇವತ್ತಿನ ಪ್ರಶ್ನೆಪತ್ರಿಕೆ ತಯಾರಿಸಿದ ಫಿಸಿಕ್ಸ್ ಮೇಷ್ಟ್ರು ನಾನೇ. ಆ ಲೆಕ್ಕವೂ ಅದರಲ್ಲಿದೆ. ಬಾಯಿಬಿಟ್ಟರೆ ನಾನೇ ಸೋರಿಕೆ ಮಾಡಿದಂತೆ.

ಹನಕೆರೆ ದಾಟುವಾಗ ಸಿಂಚನಾ ನನ್ನ ಕಡೆ ತಿರುಗಿದಳು. "ಸಾ, ನೀವೇ ಯೋಳಿ, ಕೂಡ್ಸದಾ, ಕಳ್ಯದಾ?"

"ನಂಗೆ ಫಿಸಿಕ್ಸ್ ಬರಲ್ಲ ಕಣಮ್ಮ."

"ಓಗ್ಲಿ ಬುಡಿ ಸಾ, ನಾನ್ ಯೋಳ್ಕೊಡ್ತೀನಿ," ಎಂದ ರಮ್ಯಾ ಮಂಡ್ಯದವರೆಗೂ ನನಗೆ ಅದೇ ತಪ್ಪನ್ನು ಪಾಠ ಮಾಡಿದಳು.

ಆ ಹುಡುಗಿಗೆ ಏನು ಧೈರ್ಯ ಅಂತೀರಿ! ರೈಲಿಳಿದವನೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ನನ್ನ ಉತ್ತರವನ್ನೇ ಇನ್ನೊಮ್ಮೆ ಲೆಕ್ಕ ಹಾಕಿ ನೋಡಿಕೊಂಡೆ.