ನಾಲ್ಕನೇ ಮಿಂಚುಳ್ಳಿ

ನಮ್ಮತ್ತೆ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಹೆಸರು ಬರೆಯುವವರು. ಯುದ್ಧನೌಕೆ ಕಟ್ಟಿ ಮುಗಿದ ಮೇಲೆ ಅಟ್ಟಣಿಗೆ ಏರಿ, ಅದರ ಹಿಂಬದಿಗೆ ಮೊಳದುದ್ದದ ಅಕ್ಷರಗಳನ್ನು ಬರೆಯುತ್ತಾರೆ. ಅವರ ಉಗುರುಸಂದಿಯ ಬಿಳಿ ಬಣ್ಣ ಮದುವೆಮನೆಗೆ ಹೋದರೂ ಹೋಗುವುದಿಲ್ಲ.

ನಮ್ಮ ಕೂಸು ಕವುಚಿಕೊಳ್ಳಲು ಕಲಿತರೂ ಅದಕ್ಕೆ ಹೆಸರಿರಲಿಲ್ಲ. ನಡೆಯುವ ಮೊದಲೇ ಜ್ವರದಲ್ಲಿ ತೀರಿಹೋದ ತನ್ನ ತಂಗಿಯ ಹೆಸರಿಡಬೇಕೆಂದು ನನ್ನ ಗಂಡನ ಆಸೆ. ನನಗೋ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಓದಿದವಳು, ಅಪಶಕುನವನ್ನೆಲ್ಲ ನಂಬಬಾರದೆಂದು ಗೊತ್ತು. ಆದರೆ ಮಗು ಸೀನಿದರೆ ಥರ್ಮಾಮೀಟರ್ ಹುಡುಕುವವಳು ನಾನು. ಬೇಡವೆಂದರೆ ಅತ್ತೆ ನೊಂದುಕೊಂಡಾರೆಂಬ ಹೆದರಿಕೆ ಬೇರೆ.

ಆ ಶನಿವಾರ ಅತ್ತೆ ಊಟದ ಡಬ್ಬಿ ಮರೆತು ಹೋಗಿದ್ದರು. ಮಗುವಿಗೆ ಎರಡೆರಡು ಟೋಪಿ ಹಾಕಿ, ಎತ್ತಿಕೊಂಡು, ಡಬ್ಬಿ ಕೊಡಲು ಕಾರ್ಖಾನೆಗೆ ಹೋದೆ. ಅತ್ತೆ ಅಟ್ಟಣಿಗೆಯ ಮೇಲೆ ಏನನ್ನೋ ಒರೆಸುತ್ತ ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

"ಏನಾಯ್ತತ್ತೆ?"

"ಏನಾಗೋದು, ಸೋಮಾರಿತನ! ಹೆಸರು ಅದೇ ತಾನೇ ಅಂತ ಹಳೇ ಮಿಂಚುಳ್ಳಿ ಹಡಗಿನ ಅಚ್ಚನ್ನೇ ಅಂಟಿಸಿ ಬಳಿದೆ. ನೋಡು, ಎಲ್ಲಾ ಸೊಟ್ಟ. ಇದರ ಬೆನ್ನು ಅಗಲ ಕಣೇ. ಇದರದ್ದೇ ಅಳತೆ ತಗೊಂಡು ಬರೀಬೇಕಿತ್ತು." ಬೈಯುತ್ತಲೇ ಇಳಿದು ಬಂದು ಡಬ್ಬಿ ತೆಗೆದುಕೊಂಡರು.

"ಮಿಂಚುಳ್ಳಿ ಮೊದಲೂ ಇತ್ತಾ?"

"ಇದು ನಾಲ್ಕನೇದು. ಮೊದಲನೇದು ನಮ್ಮಜ್ಜನ ಅಜ್ಜನಿಗಿಂತ ಹಿಂದಿನ ಹಾಯಿಹಡಗು, ಬಿರುಗಾಳೀಲಿ ಮುಳುಗ್ತಂತೆ. ಎರಡನೇದು ಯುದ್ಧದಲ್ಲಿ..."

"ಮುಳುಗಿದ್ದರ ಹೆಸರನ್ನೇ ಮತ್ತೆ ಇಡ್ತಾರಾ? ಹೆದರಿಕೆ ಆಗಲ್ವಾ?"

ಮಗುವಿನ ಟೋಪಿಯನ್ನು ಇನ್ನಷ್ಟು ಕೆಳಗೆಳೆದೆ. ಅತ್ತೆ ಡಬ್ಬಿಯನ್ನು ಕೆಳಗಿಟ್ಟು ಮಗುವನ್ನು ನೋಡಿದರು.

"ಮೂರನೇದನ್ನ ನೀನು ಕೇಳಲೇ ಇಲ್ಲ. ಅದಕ್ಕೆ ಬರೆದವಳು ನಾನೇ. ಸಮುದ್ರವೆಲ್ಲ ಸುತ್ತಿ, ನನ್ನ ಹಾಗೆ ಕೀಲುಕೀಲು ಕಿರುಗುಟ್ಟಿಸ್ಕೊಂಡು ದಡಕ್ಕೆ ಬಂತು, ಮುದಿಯಾಗಿ." ಮಗುವಿನ ಕೆನ್ನೆ ಸವರಿದರು. "ಕೂಸಿಗೆ ಆ ಹೆಸರು ಬೇಡ ಅನ್ನಿಸಿದ್ರೆ ಬೇಡ ಅನ್ನು. ನಿನ್ನ ಗಂಡನ ಕಿವಿ ನಾನು ಹಿಂಡ್ತೀನಿ. ನನ್ನ ಮಗಳು ನನ್ನ ಮಗಳೇ. ಇವಳು ಇವಳೇ."

ಮತ್ತೆ ಮೇಲೆ ಹತ್ತಿ, ದಾರ ಹಿಡಿದು, ಸೀಮೆಸುಣ್ಣದಲ್ಲಿ ಹೊಸ ಗೆರೆ ಎಳೆದರು. ಮೊದಲ ಅಕ್ಷರ ಮುಗಿಯುವವರೆಗೆ ಅಲ್ಲೇ ನಿಂತಿದ್ದೆ. ದಪ್ಪನೆಯ ಅಕ್ಷರ, ಅಗಲವಾಗಿ ಕಾಲು ಚಾಚಿ ಕೂತಿತ್ತು. ಮಗುವಿನ ಮುಖ ನೋಡುತ್ತ ತೀರಿಹೋದ ನಾದಿನಿಯ ಹೆಸರಿಂದ ಕರೆದೆ.

ಕುಂಚ ನಿಂತಿತು. "ಏನಂದೆ? ಇಲ್ಲಿ ಗಾಳಿ, ಗಟ್ಟಿಯಾಗಿ ಹೇಳು!"

ಗಟ್ಟಿಯಾಗಿ ಕರೆದೆ. ಮಗು ಬೆಚ್ಚಿಬಿದ್ದು, ಕಾರ್ಖಾನೆಯೆಲ್ಲ ಮೊಳಗುವಂತೆ ಅತ್ತಿತು.

"ಗಂಟಲು ಗಟ್ಟಿ ಇದೆ" ಎಂದರು ಅತ್ತೆ, ಮುಖ ಈ ಕಡೆ ತಿರುಗಿಸದೆ.