ಮೇಲಿನ ಬಂಗಲೆಯ ಹಲಗೆ ಜಗಲಿ

ಕೊಳ್ಳೇಗಾಲದ ಸಂತೆಮಾಳದ ಹಿಂದಿನ ಬೀದಿಯಲ್ಲಿ ಪಾಲಿಶ್ ಕೆಂಪನಂಜಪ್ಪನ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ತಲೆಯೆತ್ತಿ ನೋಡಿದರೆ ಸಾಕು. ನಾಡಹೆಂಚಿನ ಮಾಡಿನ ಮೇಲೆ ಮೊಳದುದ್ದದ ಹಲಗೆಗಳು ಸಾಲಾಗಿ, ತಂತಿಯಲ್ಲಿ ಬಿಗಿಸಿಕೊಂಡು, ಬಿಸಿಲಿಗೆ ಮುಖ ಮಾಡಿ ಮಲಗಿರುತ್ತಿದ್ದವು. ತೇಗ, ಹೊನ್ನೆ, ಮತ್ತಿ, ಒಂದೆರಡು ಬೇವು. ಒಂದೊಂದಕ್ಕೂ ಒಂದೊಂದು ಬಣ್ಣ. ಬೆನ್ನಿನ ಮೇಲೆ ಮೊಳೆಯಿಂದ ಗೀಚಿದ ಗುರುತು: ಯಾವ ಎಣ್ಣೆ, ಎಷ್ಟು ಕಾವಿ, ಯಾವ ತಿಂಗಳು ಬಳಿದದ್ದು. ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ಆ ಮಾಡಿನ ಮೇಲೆ ಕಳೆಯದ ಬಣ್ಣವನ್ನು ಅವನು ಹೊರಬಾಗಿಲಿಗೆ ಬಳಿದವನೇ ಅಲ್ಲ. ಎದುರುಮನೆ ಪುಟ್ಟಬಸಪ್ಪ ಹಲ್ಲುಜ್ಜುತ್ತಾ ಮೇಲೆ ನೋಡಿ, "ಏನಪ್ಪಾ, ಅಲಗೆ ಸಂಡಿಗೆ ಒಣಗಿದ್ವಾ?" ಎಂದು ದಿನಾ ಕಾಲೆಳೆಯುತ್ತಿದ್ದ. ಕೆಂಪನಂಜಪ್ಪನಿಗೆ ಅದರಿಂದ ಬೇಜಾರಾಗುತ್ತಿರಲಿಲ್ಲ. ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಆ ಹೆಮ್ಮೆಯೇ ಅವನನ್ನು ಹಳ್ಳಕ್ಕೆ ಕೆಡವಿದ್ದು.

ಹನ್ನೊಂದು ವರ್ಷದಿಂದ ಅವನು ಒಂದು ಸರ್ಕಾರಿ ಇಲಾಖೆಗೆ ದಿನಗೂಲಿ ಮೇಲೆ ದುಡಿಯುತ್ತಿದ್ದ. ಹನೂರಿನ ಬಂಗಲೆಯ ಬಾಗಿಲು, ಯಳಂದೂರಿನ ಕಚೇರಿಯ ಕಿಟಕಿ, ರಾಮಾಪುರದ ಗೇಟು ಎಲ್ಲಕ್ಕೂ ಅವನ ಕೈ ಬಿದ್ದಿತ್ತು. ಕೆಲಸವಿದ್ದ ದಿನ ಕೂಲಿ, ಇಲ್ಲದ ದಿನ ಜಗಲಿ ಕಾಯುವುದು. ಸಾವಿರದ ಒಂಬೈನೂರ ಅರವತ್ತಾರರ ಆಶ್ವಯುಜದಲ್ಲಿ ಓವರ್ಸಿಯರ್ ಶಿವರುದ್ರಸ್ವಾಮಿ ಅವನನ್ನು ಕರೆಸಿದ. ಬಿಳಿಗಿರಿರಂಗನ ಬೆಟ್ಟದ ಮೇಲೆ ಇಲಾಖೆಯದೊಂದು ಬಂಗಲೆ. ಅದರ ಹಿಂಬದಿಗೆ, ಇಳಿಜಾರಿನ ಮೇಲೆ ಚಾಚಿಕೊಂಡಂತೆ ಹೊಸದಾಗಿ ಮರದ ಜಗಲಿ ಕಟ್ಟಿಸಿದ್ದರು. ಮೇಲೆ ಸೂರಿಲ್ಲ, ಸುತ್ತ ಗೋಡೆಯಿಲ್ಲ, ಬರೀ ಹೊನ್ನೆ ಹಲಗೆ ಮತ್ತು ಅಂಚಿನುದ್ದಕ್ಕೂ ಮರದ ಕಟಾಂಜನ. ಓವರ್ಸಿಯರ್ ಅದನ್ನು ಡೆಕ್ ಎನ್ನುತ್ತಿದ್ದ.

"ಬರೋ ಸೋಮವಾರ ಬುಟ್ಟು ಆಚೆ ಸೋಮವಾರ ಮೈಸೂರಿಂದ ದೊಡ್ಡ ಸಾಹೇಬ್ರು ಬತ್ತಾರೆ. ಡೆಕ್ಕಿಗೆ ಯಾವ ಬಣ್ಣ ಅಂತ ನೀನೇ ಆರ್ಸು. ಅವ್ರು ನೋಡಿ ತಲೆ ಆಡ್ಸುದ್ರೆ ನಿನ್ನ ಖಾಯಂ ಕಾಗದಕ್ಕೆ ಅಲ್ಲೇ ಸಹಿ. ಫೈಲು ನನ್ ಕೈಲೇ ಇರ್ತದೆ" ಎಂದ ಶಿವರುದ್ರಸ್ವಾಮಿ.

ಖಾಯಂ ಎಂಬ ಆ ಒಂದು ಮಾತಿಗೆ ಮನೆಯಲ್ಲಿ ಹಬ್ಬವಾಯಿತು. ಹೆಂಡತಿ ಮಹಾಲಕ್ಷ್ಮಮ್ಮ ಹನ್ನೊಂದು ವರ್ಷ ಬಾಯಿ ಬಿಗಿಹಿಡಿದು ಸಂಸಾರ ತೂಗಿಸಿದವಳು. ಮಧ್ಯಾಹ್ನದೊಳಗೆ ಇಡೀ ಬೀದಿಗೆ ಸುದ್ದಿ ಮುಟ್ಟಿಸಿಬಿಟ್ಟಳು. ಇನ್ನೂ ಸಹಿಯಾಗಿಲ್ಲ ಕಣೇ ಎಂದು ಗಂಡ ಗೊಣಗಿದರೆ, "ನಿಮ್ಮ ಕೈಕೆಲ್ಸ ನೋಡಿ ಯಾರು ಬ್ಯಾಡ ಅಂದಾರು?" ಎಂದಳು.

ಅವನು ಏಣಿ ಹಾಕಿ ಮಾಡಿನ ಮೇಲೆ ಹತ್ತಿದ. ಹೊಳಪಿನ ವಾರ್ನಿಷ್ ಬಳಿದ ಹಲಗೆ ಬಿಸಿಲಿಗೆ ಸೀಳಿ, ಹಾವಿನ ಪೊರೆಯಂತೆ ಎದ್ದಿತ್ತು. ವಾರ್ನಿಷ್ ಮರದ ಮೇಲೆ ಕೂರುತ್ತದೆ, ಒಳಕ್ಕಿಳಿಯುವುದಿಲ್ಲ. ಬಯಲಿನ ನೆಲಕ್ಕೆ ಅದು ಆಗದು, ಮೇಲಾಗಿ ಇಬ್ಬನಿ ಬಿದ್ದರೆ ಜಾರುತ್ತದೆ. ಟಾರಿನ ಎಣ್ಣೆ ಕುಡಿದ ಹಲಗೆ ಕಬ್ಬಿಣದಂತೆ ಗಟ್ಟಿಯಾಗಿತ್ತು, ಆದರೆ ಸಾಹೇಬರು ಕೂತು ಕಾಫಿ ಕುಡಿಯುವ ಜಾಗದಲ್ಲಿ ಆ ವಾಸನೆಯೇ? ಕೊನೆಗೆ ಎಂಟನೆಯ ಹಲಗೆಯ ಮುಂದೆ ಕುಕ್ಕುರಗಾಲಲ್ಲಿ ಕೂತ. ಕಾಯಿಸಿದ ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ, ಕಾವಿಯ ಜೊತೆ ಚೂರು ದೀಪದ ಕಪ್ಪು ಸೇರಿಸಿ ಬಳಿದದ್ದು. ಎರಡು ಮಳೆಗಾಲ ಕಂಡಿತ್ತು. ಮೇಲೆ ನೀರು ಚಿಮುಕಿಸಿದರೆ ಹನಿ ಹನಿಯಾಗಿಯೇ ನಿಂತಿತು. ಬಣ್ಣವೂ ಚೆನ್ನ, ಹುರಿದ ಹುಣಿಸೆಬೀಜದ್ದು. ಇದೇ ಸರಿ ಎಂದು ಇಳಿದು ಬಂದ. ಅಲ್ಲಿಗೆ ಮುಗಿಯಿತು, ಇನ್ನೊಂದು ಸಲ ಯೋಚಿಸುವ ಬುದ್ಧಿ ಅವನಿಗೆ ಬರಲಿಲ್ಲ.

ಶುಕ್ರವಾರ ಡಬ್ಬಗಳನ್ನು ಗೋಣಿಯಲ್ಲಿ ಸುತ್ತಿ, ಯಳಂದೂರಿನವರೆಗೆ ಬಸ್ಸು, ಅಲ್ಲಿಂದ ಲಾರಿ ಹತ್ತಿ ಬೆಟ್ಟ ಸೇರಿದ. ಬಂಗಲೆ ಕಾಯುವ ಮಾದಸ್ವಾಮಿ ಶಾಗ್ಯ ಊರಿನವನು, ಮೂರು ಮಕ್ಕಳ ತಂದೆ. ಅವನೂ ದಿನಗೂಲಿಯೇ. ಬಂಗಲೆಯ ಹಿಂದಿನ ಒಂದೇ ಕೋಣೆಯಲ್ಲಿ ಸಂಸಾರ. ಮಾತು ಕಡಿಮೆ, ಕೆಲಸಕ್ಕೆ ಮಾತ್ರ ಕರೆಯುವ ಮೊದಲೇ ಬಂದು ನಿಲ್ಲುವವನು. ಇಬ್ಬರೂ ಸೇರಿ ಶನಿವಾರ ಹಲಗೆ ಉಜ್ಜಿದರು, ಭಾನುವಾರ ಮೊದಲ ಕೈ ಬಳಿದರು. ಬಿಸಿಲಿತ್ತು. ಮಂಗಳವಾರ ಎರಡನೆಯ ಕೈ. ಬಣ್ಣ ಇನ್ನೂ ಕೊಂಚ ಗಾಢವಾಗಲಿ, ಸಾಹೇಬರ ಕಣ್ಣಿಗೆ ಬೀಳಲಿ ಎಂದು ಕೆಂಪನಂಜಪ್ಪ ಈ ಸಲ ಎಣ್ಣೆಯನ್ನು ದಪ್ಪಗೆ ಎಳೆದ. ಆಸೆ ಅವನ ಕುಂಚ ಹಿಡಿದಿತ್ತು.

ಬುಧವಾರ ಬೆಳಗ್ಗೆ ಬಾಗಿಲು ತೆಗೆದರೆ ಜಗಲಿಯೇ ಇಲ್ಲ. ಮಂಜು ಬಂದು ಕೂತಿತ್ತು. ಗುರುವಾರವೂ ಅದೇ. ಕಟಾಂಜನದಿಂದ ನೀರು ತೊಟ್ಟಿಕ್ಕುತ್ತಿತ್ತು. ಕೊಳ್ಳೇಗಾಲದಲ್ಲಿ ಒಂದೇ ಹಗಲಿಗೆ ಒಣಗುವ ಎಣ್ಣೆ ಇಲ್ಲಿ ಎರಡು ದಿನವಾದರೂ ಅಂಗೈಗೆ ಅಂಟುತ್ತಿತ್ತು. ಅವನು ಗಳಿಗೆಗೊಮ್ಮೆ ಹೋಗಿ ಮುಟ್ಟಿ ನೋಡುವುದು, ಕೈ ಒರೆಸಿಕೊಳ್ಳುವುದು, ಮತ್ತೆ ಹೋಗುವುದು. ಶುಕ್ರವಾರ ಮಂಜು ತುಸು ಸರಿದಾಗ ನೋಡಿದರೆ, ಒಂದು ಮುಸುವ ಈ ಕೊನೆಯಿಂದ ಆ ಕೊನೆಗೆ ನಡೆದುಹೋದ ಹೆಜ್ಜೆಗಳು ಬೆರಳು ಬೆರಳಾಗಿ ಮೂಡಿದ್ದವು. ಅದನ್ನಾದರೂ ತಿದ್ದಬಹುದಿತ್ತು. ಬಗ್ಗಿ ನೋಡಿದ. ಹಲಗೆಯ ತುಂಬ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆ. ಉಗುರಿನಿಂದ ಕೆರೆದ. ಬೂಷ್ಟು. ಒಣಗದ ಎಣ್ಣೆಯನ್ನೇ ಉಂಡು ಬೆಳೆದಿತ್ತು.

ಕೆಂಪನಂಜಪ್ಪನಿಗೆ ಆಗ ಹೊಳೆಯಿತು. ಎಂಟನೆಯ ಹಲಗೆ ಎರಡು ಮಳೆಗಾಲ ಕಂಡದ್ದು ನಿಜ, ಆದರೆ ಕಂಡದ್ದು ಕೊಳ್ಳೇಗಾಲದ ಮಳೆಯನ್ನು. ಬೆಳಗ್ಗೆ ಸುರಿದರೆ ಮಧ್ಯಾಹ್ನ ಮಾಡಿನ ಹೆಂಚು ಕಾಯುವ ಊರು ಅದು. ದಿನಗಟ್ಟಲೆ ಮಂಜು ಹೊದ್ದು ಮಲಗುವ ಈ ಬೆಟ್ಟದ ಮೇಲೆ ಅವನು ಒಂದೇ ಒಂದು ಹಲಗೆಯನ್ನೂ ಇಟ್ಟು ನೋಡಿದವನಲ್ಲ. ಹತ್ತಾರು ಗಾವುದ ದೂರವೇನಲ್ಲ, ಮನೆಯ ಮಾಡಿನಿಂದ ಕಾಣುವ ಬೆಟ್ಟ! ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

"ಇದು ಕೆಡ್ತು ಕಣ್ ಮಾದಸ್ವಾಮಿ. ಪೂರಾ ಕೆರೀಬೇಕು."

"ಸೋಮವಾರಕ್ಕೆ ಸಾಹೇಬ್ರು ಬತ್ತಾರಲ್ಲ ಅಣ್ಣ?"

"ಬರ್ಲಿ."

ಟರ್ಪೆಂಟೈನ್ ಅದ್ದಿದ ಗೋಣಿಚೂರು, ತೆಂಗಿನ ಮಟ್ಟೆ, ಒಡೆದ ಗಾಜಿನ ಅಂಚು ಹಿಡಿದು ಇಬ್ಬರೂ ಮಂಡಿಯೂರಿ ಕೂತರು.

ಶನಿವಾರ ಮಧ್ಯಾಹ್ನ ಶಿವರುದ್ರಸ್ವಾಮಿ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಮೂರನೇ ಒಂದು ಪಾಲು ಜಗಲಿ ಕೆರೆದು ಬೆಳ್ಳಗಾಗಿತ್ತು, ಉಳಿದದ್ದು ಹುಳುಕಡ್ಡಿ ಹತ್ತಿದ ಮೈಯಂತಿತ್ತು. ಮೊದಲು ಕೂಗಾಡಿದ. ಆಮೇಲೆ ತಣ್ಣಗೆ, "ಸ್ಟೋರಿನಲ್ಲಿ ವಾರ್ನಿಷ್ ಅದೆ. ಇದರ ಮ್ಯಾಲೇ ಎರಡು ಕೈ ಎಳೀರಿ. ಹೊಳೆದ್ರೆ ಸಾಕು" ಎಂದ.

"ಹಸಿ ಎಣ್ಣೆ ಮ್ಯಾಲೆ ವಾರ್ನಿಷ್ ನಿಲ್ಲಕಿಲ್ಲ ಸಾ. ಹಾಲಿನ ಕೆನೆ ಹಂಗೆ ಸುಕ್ಕಾಯ್ತದೆ. ಕಾಲಿಟ್ರೆ ಜಾರ್ತದೆ. ಕೆಳಗೆ ನೋಡಿ, ಎರಡಾಳುದ್ದ ಇಳಿಜಾರು."

"ಒಂದು ದಿನ ನಿಂತ್ರೆ ಸಾಕಲ್ಲ! ಸಾಹೇಬ್ರು ಒಂದು ಗಂಟೆ ಇರ್ತಾರೆ, ಓಯ್ತಾರೆ. ನಿಂಗೆ ಸಹಿ ಬೇಕೋ ಬ್ಯಾಡ್ವೋ?"

ಬೇಕಿತ್ತು. ಯಾರಿಗೆ ಬೇಡ? ಆ ಸಂಜೆಯೆಲ್ಲ ಕೆಂಪನಂಜಪ್ಪ ವಾರ್ನಿಷ್ ಡಬ್ಬದ ಮುಂದೆ ಕೂತಿದ್ದ. ಮುಚ್ಚಳ ತೆಗೆದ. ಕುಂಚ ಅದ್ದಿದ. ಒಂದು ಹಲಗೆಗೆ ಎಳೆದೂ ಎಳೆದ. ಕಪ್ಪು ಚುಕ್ಕೆಗಳೆಲ್ಲ ಆ ಹೊಳಪಿನ ಕೆಳಗೆ ಮುಚ್ಚಿಹೋಗಿ, ಹಲಗೆ ಕನ್ನಡಿಯಾಯಿತು. ಎಷ್ಟು ಸುಲಭ ಎನಿಸಿ ಅವನಿಗೆ ಹೆದರಿಕೆಯೇ ಆಯಿತು. ಡಬ್ಬ ಮುಚ್ಚಿಟ್ಟು, ಮಾರನೆಯ ಬೆಳಗ್ಗೆ ಆ ಹಲಗೆಯಿಂದಲೇ ಮತ್ತೆ ಕೆರೆಯಲು ಶುರುಮಾಡಿದ. ಮಾದಸ್ವಾಮಿ ಪಕ್ಕದಲ್ಲಿ ಕೂತು ಮಟ್ಟೆ ಹಿಡಿದ. ಓವರ್ಸಿಯರ್ ಬೈದು ಬೈದು ಸಾಕಾಗಿ ಒಳಗೆ ಹೋದ.

ಸೋಮವಾರ ಹನ್ನೊಂದರ ಹೊತ್ತಿಗೆ ಜೀಪು ಬಂತು. ಅರ್ಧ ಜಗಲಿ ಬೆತ್ತಲೆ, ಇನ್ನರ್ಧ ಕೊಳಕು. ಜೀಪಿನ ಸದ್ದು ಕೇಳುತ್ತಲೇ ಶಿವರುದ್ರಸ್ವಾಮಿ ಕೆಂಪನಂಜಪ್ಪನ ರಟ್ಟೆ ಹಿಡಿದು ಮೂಲೆಗೆ ಎಳೆದ.

"ನೀನು ಬಾಯಿ ಮುಚ್ಕಂಡಿರು. ನಿನ್ ಕಾಗದ ಇನ್ನೂ ಫೈಲಲ್ಲೇ ಅದೆ. ನಾನು ನೋಡ್ಕತೀನಿ."

ಸಾಹೇಬರು ತೆಳ್ಳಗಿನ ಮನುಷ್ಯ, ಕನ್ನಡಕ. ಜಗಲಿಯ ಹೊಸ್ತಿಲಲ್ಲಿ ನಿಂತು, ಬೂಟಿನ ತುದಿಯಿಂದ ಹಲಗೆ ಮುಟ್ಟಿ ನೋಡಿದರು. ಬೂಟು ಅಂಟಿಕೊಂಡಿತು.

"ಏನಿದು?"

"ಬಣ್ಣ ಚೆನ್ನಾಗೇ ಆಗಿತ್ತು ಸಾರ್" ಎಂದ ಓವರ್ಸಿಯರ್. "ಈ ವಾಚ್‌ಮನ್ನು ಒಣಗೋಕೆ ಮುಂಚೆ ಕೊಡಗಟ್ಟಲೆ ನೀರು ಹಾಕಿ ತೊಳೆದುಬಿಟ್ಟಿದ್ದಾನೆ. ಹೇಳಿದ್ದು ತಿಳಿಯೋದಿಲ್ಲ ಇವರಿಗೆ."

ಕೆಂಪನಂಜಪ್ಪ ತಿರುಗಿ ನೋಡಿದ. ಮಾದಸ್ವಾಮಿಯ ಕೈಯಲ್ಲಿ ಇನ್ನೂ ತೆಂಗಿನ ಮಟ್ಟೆಯಿತ್ತು, ಬೆರಳ ಗಿಣ್ಣುಗಳ ಚರ್ಮ ಕಿತ್ತುಹೋಗಿತ್ತು. ಅವನು ಓವರ್ಸಿಯರ್‌ನ ಮುಖವನ್ನೂ ನೋಡಲಿಲ್ಲ, ಕೆಂಪನಂಜಪ್ಪನ ಮುಖವನ್ನೂ ನೋಡಲಿಲ್ಲ.

"ಇವನನ್ನು ಯಾಕೆ ಇಟ್ಟುಕೊಂಡಿದ್ದೀರಿ? ಇವತ್ತೇ ಕಳಿಸಿ" ಎಂದರು ಸಾಹೇಬರು.

ಮಾದಸ್ವಾಮಿ ತಲೆಯ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿಟ್ಟುಕೊಂಡ. ಕೈಜೋಡಿಸಿದ. "ತಪ್ಪಾಯ್ತು ಬುದ್ಧಿ. ಇನ್ಮ್ಯಾಲೆ ನೀರಾಕಕಿಲ್ಲ" ಎಂದ.

ಮಾಡದ ತಪ್ಪನ್ನು ಅವನು ಅಷ್ಟು ಬೇಗ ಒಪ್ಪಿಕೊಂಡುಬಿಟ್ಟ. ಜಗಳವಾಡಿದ್ದರೆ, ಇಲ್ಲ ಎಂದಿದ್ದರೆ, ಸುಮ್ಮನಿರಲು ಕೆಂಪನಂಜಪ್ಪನಿಗೆ ಒಂದು ನೆಪವಾದರೂ ಸಿಗುತ್ತಿತ್ತೇನೋ. ಫೈಲು ಓವರ್ಸಿಯರ್‌ನ ಕಂಕುಳಲ್ಲಿತ್ತು, ಕಾಗದದ ತುದಿ ಹೊರಗೆ ಕಾಣುತ್ತಿತ್ತು. ಕೆಂಪನಂಜಪ್ಪ ಅದನ್ನೇ ನೋಡಿದ. ಸಾಹೇಬರು ಹೊರಡಲು ತಿರುಗಿದರು.

"ಸಾ, ಅವ್ನು ನೀರಾಕಿಲ್ಲ."

ಶಿವರುದ್ರಸ್ವಾಮಿ ಕಣ್ಣು ಕೆಕ್ಕರಿಸಿದ. ಮಾತು ಹೊರಬಿದ್ದಾಗಿತ್ತು, ಇನ್ನು ನಿಲ್ಲಿಸಲಾಗಲಿಲ್ಲ.

"ಯಾವ ಬಣ್ಣ ಅಂತ ಆರ್ಸಿದ್ದು ನಾನು. ಕೊಳ್ಳೇಗಾಲದ ಬಿಸ್ಲಿಗೆ ಒಪ್ಪೋ ಎಣ್ಣೆ ತಂದು ಈ ಮಂಜಿಗೆ ಬಳ್ದೆ. ಎಲ್ರೂ ಮೆಚ್ಲಿ ಅಂತ ದಪ್ಪಗೆ ಬಳ್ದೆ. ಒಣಗ್ಲಿಲ್ಲ, ಬೂಷ್ಟು ಇಡ್ಕತು. ಇದು ನನ್ ತಪ್ಪು ಸಾ. ಅವ್ನು ಮೂರು ದಿನದಿಂದ ನನ್ನ ತಪ್ಪ ಕೆರೀತಾವ್ನೆ."

ಸಾಹೇಬರು ಅವನನ್ನು ಕನ್ನಡಕದ ಮೇಲಿಂದ ನೋಡಿದರು. ಹೊಗಳಲಿಲ್ಲ, ಬೈಯಲೂ ಇಲ್ಲ. "ಕಾವಲುಗಾರ ಇರಲಿ" ಎಂದರು. ಆಮೇಲೆ ಓವರ್ಸಿಯರ್‌ನತ್ತ ತಿರುಗಿ, "ಮರಕ್ಕೆ ಯಾವ ಬಣ್ಣ ಎಂದು ಗೊತ್ತಿಲ್ಲದವನಿಗೆ ಖಾಯಂ ಕೊಡಿ ಎಂದು ಬರೆದಿದ್ದೀರಲ್ಲ?" ಎಂದರು. ಫೈಲು ತೆರೆಯಲೇ ಇಲ್ಲ. ಜೀಪು ಹೊರಟಿತು.

ಕೆಂಪನಂಜಪ್ಪ ಮತ್ತೆ ಐದು ದಿನ ಬೆಟ್ಟದಲ್ಲೇ ಉಳಿದ. ಕರೆದವರಿಲ್ಲ, ಕೂಲಿಯಿಲ್ಲ. ಉಳಿದದ್ದನ್ನೂ ಕೆರೆದು, ವೀಳ್ಯದೆಲೆ ತೋಟದವರು ರೋಗಕ್ಕೆ ಹಾಕುವ ಮೈಲುತುತ್ತವನ್ನು, ಮತ್ತೆ ಬೂಷ್ಟು ಹಿಡಿಯದಿರಲೆಂದು, ನೀರಿಗೆ ಕದಡಿ ಬಳಿದು, ಬಿಸಿಲು ಬಿದ್ದ ದಿನವೇ ಎಣ್ಣೆಬಣ್ಣವನ್ನು ತೆಳ್ಳಗೆ, ಬಟ್ಟೆಯಲ್ಲಿ ಒರೆಸಿದ ಹಾಗೆ, ಒಂದೇ ಕೈ ಎಳೆದ. ಮಾದಸ್ವಾಮಿಯ ಹೆಂಡತಿ ಚಿಕ್ಕನಿಂಗಮ್ಮ ಎರಡು ಹೊತ್ತೂ ರಾಗಿಮುದ್ದೆ ತಂದಿಟ್ಟಳು.

ಮನೆಗೆ ಬಂದು ಜಗಲಿಯ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮಹಾಲಕ್ಷ್ಮಮ್ಮ ಕಂಬ ಹಿಡಿದುಕೊಂಡು ಕೇಳಿದಳು. ಕೇಳಿ ಗೋಳೋ ಎಂದು ಅತ್ತಳು. "ಬೀದಿಗೆಲ್ಲ ಏಳ್ಬುಟ್ಟಿದ್ನಲ್ಲ! ನಾನ್ ಎಂಗೆ ತಲೆ ಎತ್ಕಂಡು ಓಡಾಡ್ಲಿ? ಅದೇನ್ ಬಾಯಿ ನಿಮ್ದು, ಒಂದು ಗಳಿಗೆ ಸುಮ್ಮನಿರ್ಲಿಲ್ವಾ?" ಎಂದು ಮನಸಾರೆ ಬೈದಳು. ಅವಳು ಬೈದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹನ್ನೊಂದು ವರ್ಷ ಕಾದವಳು ಅವಳು.

ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಗಂಡನ ಪಕ್ಕ ಕೂತಳು.

"ಆ ಮಾದಸ್ವಾಮಿಗೆ ಮಕ್ಳೆಷ್ಟು?"

"ಮೂರು. ಕಿರೀದು ಇನ್ನೂ ತೆವಳ್ತದೆ."

ಅವಳು ಎದ್ದು ಒಳಗೆ ಹೋದಳು. ತಟ್ಟೆಯ ಸದ್ದಾಯಿತು.

"ಕೈ ತೊಳ್ಕಂಡು ಬನ್ನಿ, ಅನ್ನ ಆರೋಯ್ತದೆ" ಎಂದಳು.