ಗೋಡೆಯಾಚೆಯ ಸಾಂತಾ ಮರಿಯೆ

ಮದುವೆಯ ಬಿಳಿ ಗೌನು ಹೊಲಿಯುವುದರಲ್ಲಿ ಮಂಗಳೂರು ಫಳ್ನೀರಿನ ವಿನ್ನಿಬಾಯಿಯನ್ನು ಸರಿಗಟ್ಟುವವರು ಇರಲಿಲ್ಲ. ಅರ್ಧ ಊರಿನ ಮದುಮಗಳಂದಿರ ಸೊಂಟದ ಅಳತೆ ಅವರ ನಾಲಿಗೆಯ ತುದಿಯಲ್ಲಿತ್ತು. ಅಲ್ಲಿದ್ದದ್ದು ಅಲ್ಲೇ ಉಳಿಯುತ್ತಿತ್ತು ಎನ್ನಲಾರೆ. ಬ್ಯಾಪ್ಟಿಸಂನಲ್ಲಿಟ್ಟ ವಿನಿಫ್ರೆಡ್ ಎಂಬ ಹೆಸರು ಇಗರ್ಜಿಯ ಪುಸ್ತಕದಲ್ಲಷ್ಟೇ ಇತ್ತು. ಮದುವೆಯಾಗಲಿಲ್ಲ. ತಮ್ಮ ಯೂಸ್ಟೇಸ್ ಕುವೈಟಿಗೆ ಹೋದ ಮೇಲೆ ಜೋಡಿಮನೆಯ ತಮ್ಮ ಪಾಲಿನಲ್ಲಿ ಒಬ್ಬರೇ ಇದ್ದರು. ನಡುವೆ ಒಂದೇ ಮುರಕಲ್ಲಿನ ಗೋಡೆ, ಮೇಲೆ ಎರಡಕ್ಕೂ ಸೇರಿ ಒಂದೇ ಹಂಚಿನ ಮಾಡು. ಆಚೆಯ ಪಾಲಿನಲ್ಲಿ ರಾಫೆಲ್ ಮತ್ತು ಅವನ ಹೆಂಡತಿ ಒಲಿಂಡಾ.

ಒಲಿಂಡಾಳ ಮಗು ಹುಟ್ಟುವಾಗಲೇ ತೀರಿಕೊಂಡಿತ್ತು. ಆಮೇಲೆ ಅವಳು ಒಂದೆರಡು ಸಲ ಓಣಿಯಲ್ಲಿ ನಿಂತು ಎಲ್ಲರೆದುರು ಗೋಳೋ ಎಂದು ಅತ್ತದ್ದುಂಟು. ಸ್ವಲ್ಪ ದಿನದಲ್ಲಿ ಕಾಣದಾದಳು. ಬೊಂಬಾಯಿಗೆ ಅವಳ ಅಕ್ಕನ ಮನೆಗೆ ಕಳಿಸಿದ್ದೇನೆ ಎಂದ ರಾಫೆಲ್. ಮಳೆಗಾಲ ಕಳೆದ ಮೇಲೆ, ಅಲ್ಲೇ ಟೈಫಾಯ್ಡಿನಲ್ಲಿ ಹೋದಳು ಎಂದು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡ. ಇಗರ್ಜಿಯಲ್ಲಿ ಅವಳ ಆತ್ಮಕ್ಕೆ ಪೂಜೆಯೂ ಆಯಿತು. ವಿನ್ನಿಬಾಯಿ ಮುಂದಿನ ಬೆಂಚಿನಲ್ಲಿ ಕೂತು ಕಣ್ಣೊರೆಸಿಕೊಂಡರು.

ಸಂಜೆಯ ಗಂಟೆ ಬಾರಿಸಿದ ಮೇಲೆ ತೇರ್ಸ್ ಹೇಳುವುದು ಕೊಂಕಣಿ ಕ್ರೈಸ್ತರ ಮನೆಗಳ ರೂಢಿ. ಜಪಸರದ ಮಣಿ ಹಿಡಿದು ಒಬ್ಬರು 'ನಮಾನ್ ಮರಿಯೆ' ಎಂದು ಅರ್ಧ ಪ್ರಾರ್ಥನೆ ಹೇಳಬೇಕು. ಉಳಿದವರು 'ಸಾಂತಾ ಮರಿಯೆ' ಎಂದು ಮಿಕ್ಕರ್ಧ ಒಪ್ಪಿಸಬೇಕು. ಒಂಟಿಯಾಗಿದ್ದ ವಿನ್ನಿಬಾಯಿ ಎರಡನ್ನೂ ತಾವೇ ಹೇಳಿಕೊಳ್ಳುತ್ತಿದ್ದರು. ಎಪ್ಪತ್ತೇಳರ ನವೆಂಬರ್, ಸತ್ತವರನ್ನು ನೆನೆಯುವ ತಿಂಗಳು. ಒಂದು ಸಂಜೆ ಅವರು ಅರ್ಧ ಹೇಳಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಮಿಕ್ಕರ್ಧ ಗೋಡೆಯ ಆಚೆಯಿಂದ ಬಂತು. ಮಾಡಿನ ಸಂದಿಯಿಂದ ಇಳಿದ ತೆಳ್ಳಗಿನ ಹೆಣ್ಣುದನಿ, ಒಲಿಂಡಾಳದೇ.

ವಿನ್ನಿಬಾಯಿ ಶಿಲುಬೆಯ ಗುರುತು ಹಾಕಿಕೊಂಡರು. ಮುಂದಿನ ಮಣಿ ಹಿಡಿದರು. ಅದಕ್ಕೂ ಉತ್ತರ ಬಂತು.

ಮರುದಿನ ಓಣಿಯಿಡೀ ಸುದ್ದಿ. ಸ್ವರ್ಗ ಸಿಗುವ ಮೊದಲು ಶುದ್ಧಿಯ ಬೆಂಕಿಯಲ್ಲಿ ಸಿಕ್ಕಿಕೊಂಡ ಆತ್ಮ ಪ್ರಾರ್ಥನೆ ಬೇಡುತ್ತಿದೆ ಎಂದು ವಿನ್ನಿಬಾಯಿ ಮನೆಮನೆಗೆ ಹೇಳಿದರು. ರಾಫೆಲ್ ತಲೆ ತಗ್ಗಿಸಿ, "ನನಗೂ ಕೇಳಿಸ್ತದೆ ಬಾಯಿ. ಅವಳಿಗಾಗಿ ಬೇಡಿಕೊಳ್ಳಿ" ಎಂದ.

ಬೇಡಿಕೊಂಡರು. ಕ್ರಿಸ್ಮಸ್ ಹೋಯಿತು, ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಬಂತು. ಹೇಳಿದರೆ ನಗಬೇಡಿ, ಆ ದನಿಯಿಲ್ಲದೆ ಅವರಿಗೆ ಸಂಜೆ ಸರಿಯುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ 'ಸಾಂತಾ ಮರಿಯೆ' ನಡುವೆಯೇ ತುಂಡಾಯಿತು. ಆಚೆ ಕೆಮ್ಮು ಎದ್ದಿತು. ಎದೆ ಕಿತ್ತುಬರುವಂಥ ಕೆಮ್ಮು, ಆಮೇಲೆ ಉಗುಳಿದ ಸದ್ದು. ಪ್ರಾರ್ಥನೆ ಬಿಟ್ಟಲ್ಲಿಂದ ಮುಂದುವರಿಯಿತು.

ವಿನ್ನಿಬಾಯಿಗೆ ಭೂತಕ್ಕೆ ಆಗದ ಹೆದರಿಕೆ ಈಗ ಆಯಿತು. ಸತ್ತವರಿಗೆ ಕಫ ಕಟ್ಟುವುದುಂಟೇ? ಗೋಡೆಗೆ ಮುಖ ತಾಗಿಸಿ, "ಒಲಿಂಡಾ, ಬದುಕಿದ್ದೀಯಾ?" ಎಂದು ಕೇಳಿದರು. ಆಚೆ ಉಸಿರು ಬಿಗಿಹಿಡಿದಂತಾಯಿತು, ಉತ್ತರ ಮಾತ್ರ ಬರಲಿಲ್ಲ. ದಿನ ಕಳೆದ ಹಾಗೆ ಕೆಮ್ಮು ಹೆಚ್ಚಿ ದನಿ ಇಳಿಯುತ್ತಾ ಹೋಯಿತು.

ಠಾಣೆಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಮಹಾಬಲ ಶೆಟ್ಟರು ಪೂರ್ತಿ ಕೇಳಿಸಿಕೊಂಡರು.

"ಎಮರ್ಜೆನ್ಸಿ ಮುಗಿಯಿತು ಬಾಯಿ. ಒಬ್ಬರ ಮನೆಗೆ ಸುಮ್ಮನೆ ನುಗ್ಗಲಿಕ್ಕಾಗುವುದಿಲ್ಲ. ಕದ್ದ ಮಾಲು ಉಂಟು, ಇಲ್ಲವೇ ಯಾರನ್ನೋ ಕೂಡಿಹಾಕಿದ್ದಾರೆ ಅಂತ ಮ್ಯಾಜಿಸ್ಟ್ರೇಟರಿಗೆ ನಂಬಿಕೆ ಬಂದರೆ ಸರ್ಚ್ ವಾರಂಟ್ ಕೊಡ್ತಾರೆ. ನಂಬಲಿಕ್ಕೆ ಕಾರಣ ಬೇಕು."

"ನಾನು ಕಿವಿಯಾರೆ ಕೇಳಿದ್ದೇನೆ."

"ನೀವೇ ಅಲ್ವಾ ಊರಿಡೀ ಅದು ಆತ್ಮ ಅಂದದ್ದು? ಆತ್ಮ ಹುಡುಕಲಿಕ್ಕೆ ವಾರಂಟ್ ಉಂಟಾ ಮಾರಾಯ್ರೆ?"

ಹಾಗೆಂದರೂ ಶೆಟ್ಟರು ಕೈಕಟ್ಟಿ ಕೂರಲಿಲ್ಲ. ಬೊಂಬಾಯಿಯ ಅಕ್ಕನಿಗೆ ಟ್ರಂಕ್ ಕಾಲ್ ಮಾಡಿಸಿದರು. ಒಲಿಂಡಾ ಅಲ್ಲಿಗೆ ಹೋಗಿಯೇ ಇರಲಿಲ್ಲ. ಅವಳು ಮಂಗಳೂರಲ್ಲೇ ತೀರಿಕೊಂಡಳೆಂದು ರಾಫೆಲ್ ಅಕ್ಕನಿಗೆ ತಿಳಿಸಿದ್ದ.

ಕೋರ್ಟಿನಲ್ಲಿ ವಿನ್ನಿಬಾಯಿಯಿಂದ ಪ್ರಮಾಣ ಮಾಡಿಸಿದ ಮೇಲೆ ಮ್ಯಾಜಿಸ್ಟ್ರೇಟರು ಕೇಳಿದರು, "ಇಷ್ಟು ಕಾಲ ಸತ್ತಿದ್ದಾಳೆ ಅಂದಿರಿ. ಇವತ್ತು ಬದುಕಿದ್ದಾಳೆ ಅಂತೀರಿ. ಯಾವುದನ್ನು ನಂಬುವುದು?"

ಹೇಳಿದ ಮಾತು ಹಿಂದಕ್ಕೆ ತೆಗೆದುಕೊಂಡ ಅಭ್ಯಾಸ ವಿನ್ನಿಬಾಯಿಗಿರಲಿಲ್ಲ. ಕಟಕಟೆಯ ಅಂಚು ಹಿಡಿದುಕೊಂಡರು.

"ನಾನು ಹೆಡ್ಡಿ, ಸಾರ್. ಬದುಕಿದ್ದವಳಿಗೆ ಸತ್ತವರ ಪ್ರಾರ್ಥನೆ ಮಾಡಿದೆ. ನೀವು ತಡ ಮಾಡಿದರೆ ಆ ಸುಳ್ಳು ನಿಜ ಆಗ್ತದೆ."

ಮ್ಯಾಜಿಸ್ಟ್ರೇಟರು ಪೆನ್ನು ಕೈಗೆತ್ತಿಕೊಂಡರು. ವಾರಂಟಿಗೆ ಸಹಿ ಬಿತ್ತು.

ಅದೇ ಮಧ್ಯಾಹ್ನ ರಾಫೆಲ್ ವಾರಂಟು ಓದಿ ಕೀಲಿಕೈ ಕೊಟ್ಟ. ಓಣಿಯಲ್ಲಿ ನಿಂತು ಅಳುತ್ತಿದ್ದಳು, ಮರ್ಯಾದೆಗೆ ಅಂಜಿ ಹೀಗೆ ಮಾಡಿದೆ ಎಂದು ಶೆಟ್ಟರ ಮುಂದೆ ಗೊಣಗಿದ. ಅವನ ಮರ್ಯಾದೆಗೆ ಬೆಂಕಿ ಬೀಳಲಿ. ಒಳಗೆ ಹೆಂಗಸಿರುವ ಕಾರಣ ಶೆಟ್ಟರು ವಿನ್ನಿಬಾಯಿಯನ್ನು ಮುಂದೆ ಬಿಟ್ಟರು. ಕಿಟಕಿಗೆ ಹಲಗೆ ಹೊಡೆದಿದ್ದ ಕೋಣೆ. ಗೋಡೆಯ ಬುಡದಲ್ಲಿ, ಚಾಪೆಯ ಮೇಲೆ, ಎಲುಬು ಚರ್ಮವಾದ ಒಲಿಂಡಾ.

"ಒಲಿಂಡಾ" ಎಂದರು ವಿನ್ನಿಬಾಯಿ.

ಪೊಲೀಸರನ್ನು ಕಂಡು ಬೆಚ್ಚದವಳು ಆ ದನಿಗೆ ಬೆಚ್ಚಿ ಮೂಲೆಗೆ ಸರಿದಳು. ಅಲ್ಲಿಂದಲೇ ಮೆಲ್ಲಗೆ ಹೇಳಿದಳು:

"ನೀವು ಸತ್ತಿರಿ ಅಂತ ಅವರು ಹೇಳಿದರು, ಮಾವ್ಶಿ. ಪಕ್ಕದ ಮನೆ ಖಾಲಿ, ಕೂಗಿದರೂ ಕೇಳುವವರಿಲ್ಲ ಅಂದರು. ಸಂಜೆ ನಿಮ್ಮ ಆತ್ಮ ಬರ್ತಿತ್ತು. ನಾನು ದಿನಾ ನಿಮಗೋಸ್ಕರ ಬೇಡಿಕೊಂಡೆ. ನಿಮಗಿನ್ನೂ ಸ್ವರ್ಗ ಸಿಗಲಿಲ್ವಾ?"

ವಿನ್ನಿಬಾಯಿ ಚಾಪೆಯ ಮೇಲೆ ಕೂತು, ಆ ತಣ್ಣನೆಯ ಕೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು, ಆ ಬಿಸಿ ಅವಳಿಗೆ ಗೊತ್ತಾಗುವವರೆಗೆ.